ಡಾಕ್ಟ್ರಮ್ಮ ಹೇಳಿದ ಕಾಯಂ

ನನಗೆ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮದ್ರಾಸಿನ ಪೆರಂಬೂರಿನ ನಮ್ಮ ಹೋಟೆಲಿನಲ್ಲಿ ಇಡ್ಲಿ ಬಾಯ್ಲರ್ ಒಡೆದ ದಿನ ಸುಟ್ಟುಕೊಂಡದ್ದು ನಾನಲ್ಲ, ಸಾಂಬಾರಿನವನು. ಅವನ ಬಲಗೈ ಮೊಣಕೈಯಿಂದ ಹಿಡಿದು ಕುತ್ತಿಗೆಯವರೆಗೆ ಬೆಂದುಹೋಗಿತ್ತು. ನನ್ನ ತಲೆಯ ಮೇಲೆ ಗೋಡೆಯ ಹಲಗೆಯಿಂದ ಅರ್ಧ ತೆಂಗಿನಕಾಯಿ ಬಿತ್ತು, ಅಷ್ಟೇ. ಆ ಕಾಯಿಗೂ ಏನೂ ಆಗಲಿಲ್ಲ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಕುಂದಾಪುರದ ಕಡೆಯಿಂದ ಇಲ್ಲಿಗೆ ಬಂದವನು. ತಟ್ಟೆ ತೊಳೆದೆ, ಕಾಯಿ ತುರಿದೆ, ಹಿಟ್ಟು ರುಬ್ಬಿದೆ, ಆಮೇಲೆ ಮಾಸ್ಟರ್ ಆದೆ. ಹೋಟೆಲಿನಲ್ಲಿ ಮಾಸ್ಟರ್ ಎಂದರೆ ಅಡುಗೆಮನೆಯ ಯಜಮಾನ. ನಮ್ಮ ಧಣಿಗಳೂ ಒಳಗೆ ಬರುವ ಮೊದಲು ಬಾಗಿಲಲ್ಲಿ ಒಮ್ಮೆ ಕೆಮ್ಮುತ್ತಿದ್ದರು. ನಾನು ಹಾಗೆ ಮಾಡಿ ಎಂದು ಹೇಳಿದವನಲ್ಲ. ಬೇಡ ಎಂದೂ ಹೇಳಲಿಲ್ಲ. ಮೂವತ್ತೊಂದು ವರ್ಷದಲ್ಲಿ ನಾನು ಹಾಕಿದ ರಜೆ ಮದುವೆಗೆ ನಾಲ್ಕು ದಿನ, ಮಗಳು ಹುಟ್ಟಿದಾಗ ಒಂದು ದಿನ. ಆ ಒಂದು ದಿನವೂ ಮಧ್ಯಾಹ್ನದ ಊಟದ ಪಂಕ್ತಿ ಮುಗಿಸಿಯೇ ಹೋದದ್ದು.

ಬಾಯ್ಲರ್ ಎಂದರೆ ಆಳೆತ್ತರದ ಒಂದು ಡ್ರಮ್ಮು. ಅದರೊಳಗೆ ನೀರು ಕುದಿಯುತ್ತದೆ, ಆವಿ ಪೈಪಿನಲ್ಲಿ ಹೋಗಿ ಇಡ್ಲಿ ಪೆಟ್ಟಿಗೆಯನ್ನು ಬೇಯಿಸುತ್ತದೆ. ಆವಿ ಹೆಚ್ಚಾದರೆ ಹೊರಗೆ ಬಿಡುವುದಕ್ಕೆ ಮೇಲೆ ಒಂದು ವಾಲ್ವ್ ಇರುತ್ತದೆ. ಜೂನ್ ತಿಂಗಳ ಒಂದು ಬೆಳಿಗ್ಗೆ, ರೈಲ್ವೆ ಕಾರ್ಖಾನೆಯವರ ಗುಂಪು ತಿಂಡಿ ತಿಂದು ಹೋದ ಮೇಲೆ, ಆ ವಾಲ್ವ್ ಸಿಕ್ಕಿಕೊಂಡಿತು. ಸಾಂಬಾರಿನವನು ಬಾಯ್ಲರಿನ ಹತ್ತಿರ ಇದ್ದ. ನಾನು ಚಟ್ನಿಯ ಉಪ್ಪು ನೋಡುತ್ತಿದ್ದೆ. ಮೊದಲು ಉಸ್ ಎಂದು ಸದ್ದು ಬಂತು, ಆಮೇಲೆ ಸದ್ದೇ ಇಲ್ಲ, ಆಮೇಲೆ ಎಲ್ಲಾ ಬೆಳ್ಳಗೆ. ಬಿಳಿಯ ಒಳಗಿನಿಂದ ಅವನು ಕೂಗಿದ.

ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವನು ನಾನೇ. ಅಲ್ಲಿ ನರ್ಸ್ ನನ್ನನ್ನು ನೋಡಿ, ನಿಮಗೆ ಏನಾದರೂ ಆಗಿದೆಯಾ ಎಂದು ಕೇಳಿದರು. ಇಲ್ಲ ಎಂದೆ. ಅದು ನಿಜವೇ ಆಗಿತ್ತು.

ಹತ್ತು ದಿನ ಬಿಟ್ಟು ಹೊಸ ಬಾಯ್ಲರ್ ಬಂತು. ಹೂವು ಹಾಕಿ, ನಿಂಬೆಹಣ್ಣು ಕೊಯ್ದು, ನೀರು ತುಂಬಿ ಹಚ್ಚಿದೆವು. ಸ್ವಲ್ಪ ಹೊತ್ತಿಗೆ ಅದು ಉಸ್ ಎಂದಿತು. ಹೊಸ ಬಾಯ್ಲರ್ ಹಾಗೆ ಮಾಡಲೇಬೇಕು, ಅದು ಸರಿಯಾಗಿದೆ ಎಂದು ಅರ್ಥ. ಆದರೆ ಮುಂದಿನ ಗಳಿಗೆಯಲ್ಲಿ ನಾನು ರಸ್ತೆಯ ಆಚೆ ಬದಿಯಲ್ಲಿ ಹೂವಿನವಳ ಎದುರು ನಿಂತಿದ್ದೆ. ಕೈಯಲ್ಲಿ ಚಟ್ನಿಯ ಸೌಟು. ಹೇಗೆ ಬಂದೆ ಎಂದು ನೆನಪಿಲ್ಲ. ಮಧ್ಯೆ ಬಸ್ಸು ಓಡಾಡುವ ರಸ್ತೆ.

ಹೂವಿನವಳು ನನ್ನನ್ನೂ ಸೌಟನ್ನೂ ನೋಡಿ, “ಎತ್ತನೆ ಮೊಳಂ?” ಎಂದು ಕೇಳಿದಳು.

“ಎರಡು,” ಎಂದೆ. ಬೇರೆ ಏನು ಹೇಳುವುದು.

ಹೀಗೆ ನಾಲ್ಕು ದಿನ ನಾಲ್ಕು ಸಲ ಎರಡೆರಡು ಮೊಳ ಮಲ್ಲಿಗೆ ಕೊಂಡೆ. ಮೂರನೆಯ ದಿನ ಹೆಂಡತಿ, “ಎಂತ ಇದು, ಈ ವಯಸ್ಸಲ್ಲಿ?” ಎಂದಳು. ನಾಲ್ಕನೆಯ ದಿನ ಏನೂ ಕೇಳದೆ ಮುಡಿದುಕೊಂಡಳು.

ಐದನೆಯ ದಿನ ನಾನು ಧಣಿಗಳಿಗೆ ಮೊಣಕಾಲು ನೋವು ಎಂದು ಹೇಳಿದೆ. ಒಲೆಯ ಮುಂದೆ ನಿಲ್ಲಲು ಆಗುವುದಿಲ್ಲ ಎಂದೆ. ಮೂವತ್ತೊಂದು ವರ್ಷ ನಿಂತವನಿಗೆ ಮೊಣಕಾಲು ನೋವು ಬರುವುದು ಮರ್ಯಾದೆಯ ಕಾಯಿಲೆ. ಹೆದರಿಕೆ ಹಾಗಲ್ಲ.

ಧಣಿಗಳು ನನಗಿಂತ ಚಿಕ್ಕವರು, ಹಳೆಯ ಧಣಿಗಳ ಮಗ, ಹುಟ್ಟಿದ್ದು ಬೆಳೆದದ್ದು ಇಲ್ಲೇ. ಪಾಪ, ಒಳ್ಳೆಯ ಮನುಷ್ಯ. “ಅದಕ್ಕೆಂತ ಮಾಸ್ಟ್ರೇ, ನೀವು ಸ್ವಲ್ಪ ದಿನ ಹಾಲ್ ನೋಡಿಕೊಳ್ಳಿ. ಸೂಪರ್‌ವೈಸರ್,” ಎಂದರು. ನನಗೆ ಬಿಳಿ ಅಂಗಿ ಬಂತು. ಜನ ನನಗೆ ಶುಭಾಶಯ ಹೇಳಿದರು. ನಾನು ಮೇಜುಗಳ ನಡುವೆ ಕೈ ಹಿಂದೆ ಕಟ್ಟಿಕೊಂಡು ನಡೆದೆ, ಬೇರೆಯವನು ಮಾಡಿದ ಇಡ್ಲಿಯನ್ನು ಜನ ತಿನ್ನುವುದನ್ನು ನೋಡಿದೆ. ಇಡ್ಲಿ ಚೆನ್ನಾಗಿಯೇ ಇತ್ತು. ಅದು ಇನ್ನೂ ಕಷ್ಟ.

ಆ ಬೇರೆಯವನು ಬೈಂದೂರಿನ ಕಡೆಯಿಂದ ಬಂದ ಮಾಸ್ಟರ್. ಸದ್ಯಕ್ಕೆ ಎಂದು ಕರೆಸಿದ್ದರು. ಧಣಿಗಳು ನನಗೆ ನೇರವಾಗಿ ಹೇಳಿದರು: “ಆಯುಧಪೂಜೆ ತನಕ ನಾನು ಕಾಯ್ತೇನೆ. ಅಷ್ಟರಲ್ಲಿ ನಿಮ್ಮ ಕಾಲು ಸರಿಯಾದ್ರೆ ಒಲೆ ನಿಮ್ಮದೇ. ಇಲ್ಲದಿದ್ರೆ ಅವರನ್ನು ಕಾಯಂ ಮಾಡ್ಬೇಕಾಗ್ತದೆ. ಅವರೂ ಹೆಂಡತಿ ಮಕ್ಕಳನ್ನು ಕರ್ಕೊಂಡು ಬರ್ಬೇಕಲ್ಲ.”

ನ್ಯಾಯದ ಮಾತು. ನಮ್ಮ ಹೋಟೆಲಿನಲ್ಲಿ ಒಂದು ಪದ್ಧತಿ ಉಂಟು. ಆಯುಧಪೂಜೆಯ ದಿನ ಒಲೆ, ಗ್ರೈಂಡರ್, ಬಾಯ್ಲರ್ ಎಲ್ಲಕ್ಕೂ ಚಂದನ ಕುಂಕುಮ ಹಚ್ಚುವವನು ಮಾಸ್ಟರ್. ಆ ದಿನ ಯಾರು ಹಚ್ಚುತ್ತಾರೋ ಮುಂದಿನ ಆಯುಧಪೂಜೆಯವರೆಗೆ ಅಡುಗೆಮನೆ ಅವರದು. ಹತ್ತೊಂಬತ್ತು ವರ್ಷ ನಾನೇ ಹಚ್ಚಿದ್ದೆ.

ಮೊಣಕಾಲಿಗೆ ಚಿಕಿತ್ಸೆ ಶುರುವಾಯಿತು. ಹೆಂಡತಿ ಊರಿನಿಂದ ತೈಲ ತರಿಸಿದಳು. ಕೌಂಟರಿನವರು ಬೆಲ್ಟ್ ತಂದುಕೊಟ್ಟರು. ಒಬ್ಬ ಗಿರಾಕಿ ಹಿಂದಕ್ಕೆ ನಡೆಯಬೇಕು ಎಂದು ಹೇಳಿಕೊಟ್ಟರು. ನನ್ನ ಮೊಣಕಾಲುಗಳು ಈಗಲೂ ಬಹಳ ಚೆನ್ನಾಗಿವೆ.

ಮನೆಯಲ್ಲಿ ಕುಕ್ಕರ್ ಬೇಡ, ಅನ್ನ ಪಾತ್ರೆಯಲ್ಲಿ ಮಾಡಿದರೇ ರುಚಿ ಎಂದೆ. ಹೆಂಡತಿ ನನ್ನ ಮುಖ ನೋಡಿ ಕುಕ್ಕರನ್ನು ಅಟ್ಟಕ್ಕೆ ಹಾಕಿದಳು. ಆಗಸ್ಟಿನಲ್ಲಿ ಸಾಂಬಾರಿನವನು ವಾಪಸ್ಸು ಬಂದ. ಕೈಯ ಚರ್ಮ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಬಂದವನೇ ಬಾಯ್ಲರಿಗೆ ಒಂದು ತಟ್ಟು ತಟ್ಟಿ, “ಏನಮ್ಮಾ, ಸೌಖ್ಯವಾ?” ಎಂದು ಕೇಳಿ ಬೇಳೆ ಹಾಕಿದ. ನಾನು ಅದನ್ನು ಹಾಲ್‌ನ ಬಾಗಿಲಿನಿಂದ ನೋಡಿದೆ. ಸುಟ್ಟುಕೊಂಡವನು ಒಲೆಯ ಮುಂದೆ. ಏನೂ ಆಗದವನು ಬಿಳಿ ಅಂಗಿಯಲ್ಲಿ ಬಾಗಿಲ ಹಿಂದೆ. ಅವನು ನನ್ನನ್ನು ನೋಡಿ ಕೈ ಎತ್ತಿದ. ನಾನು ಒಂದು ಮೇಜು ಒರೆಸಲು ಹೋದೆ. ಆ ಮೇಜು ಒರೆಸಿಯೇ ಇತ್ತು.

ಸಿಕ್ಕಿಬಿದ್ದದ್ದು ಮಗಳ ಕೈಯಲ್ಲಿ. ಅವಳಿಗೆ ಇಪ್ಪತ್ತಮೂರು, ಆಫೀಸಿಗೆ ಹೋಗುತ್ತಾಳೆ. ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ಒಂದು ಭಾನುವಾರ ಬಸ್‌ಸ್ಟಾಪಿನಲ್ಲಿ ಇಬ್ಬರೂ ನಿಂತಿದ್ದೆವು. ಬಸ್ಸು ಬಂದು ಏರ್ ಬ್ರೇಕ್ ಬಿಟ್ಟು ಉಸ್ ಎಂದಿತು. ನಾನು ರಸ್ತೆಯ ಬದಿಯಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಎರಡು ಕೈಯಿಂದ ತಲೆ ಮುಚ್ಚಿಕೊಂಡಿದ್ದೆ. ಯಾರೋ ಸೋಡಾ ಕೊಟ್ಟರು. ಬಸ್ಸು ಹೋಯಿತು. ಮಗಳು ಹೊಸ ಚೂಡಿದಾರ್ ಹಾಕಿಕೊಂಡೇ ನನ್ನ ಪಕ್ಕ ನೆಲದ ಮೇಲೆ ಕುಳಿತುಕೊಂಡಳು. ಆಮೇಲೆ ಕೇಳಿದಳು:

“ಅಪ್ಪಾ, ಮುಟ್ಟಿ ವಲೀನಾ ತಲೆಯ ಏನ್ ಪುಡಿಕ್ಕಿರೀಂಗ?”

ಮೊಣಕಾಲು ನೋವಿದ್ದರೆ ತಲೆ ಯಾಕೆ ಹಿಡಿದುಕೊಳ್ಳುತ್ತೀರಿ ಎಂದು. ನಾನು ಕೈಯನ್ನು ಮೊಣಕಾಲಿಗೆ ಇಳಿಸಿದೆ.

ಅವಳೇ ಡಾಕ್ಟರನ್ನು ಹುಡುಕಿದಳು. ಔಷಧಿಯ ಡಾಕ್ಟರಲ್ಲ, ಕೌನ್ಸೆಲರ್, ಮಾತಿನ ಡಾಕ್ಟರ್ ಎಂದಳು. ನಾನು ಹುಚ್ಚನಲ್ಲ ಎಂದೆ. ಹುಚ್ಚರಾಗಿದ್ದರೆ ಬೇರೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದೆ ಎಂದಳು. ಕನ್ನಡದವರೇ ಹುಡುಕಿದ್ದೇನೆ, ಕನ್ನಡದಲ್ಲೇ ಬಯ್ಯಬಹುದು ಎಂದೂ ಹೇಳಿದಳು. ಕ್ಲಿನಿಕ್ಕು ಮೊದಲ ಮಹಡಿಯಲ್ಲಿತ್ತು, ಕೆಳಗೆ ಕನ್ನಡಕದ ಅಂಗಡಿ. ಯಾರಾದರೂ ನೋಡಿದರೆ ಕನ್ನಡಕಕ್ಕೆ ಬಂದೆ ಎನ್ನಬಹುದು. ಅದಕ್ಕೇ ಒಪ್ಪಿದೆ.

ಡಾಕ್ಟ್ರಮ್ಮನಿಗೆ ಮೂವತ್ತೈದು ಇರಬಹುದು. ಮುತ್ತಜ್ಜನ ಕಾಲದಲ್ಲೇ ಮದ್ರಾಸಿಗೆ ಬಂದ ಮನೆತನ.

“ಬನ್ನಿ, ಉಕ್ಕಾರಿ,” ಎಂದರು. ಕುಳಿತುಕೊಳ್ಳಿ ಎಂದು ಅರ್ಥ ಮಾಡಿಕೊಂಡೆ. “ತಮಿಳಲ್ಲಿ ಮಾತಾಡೋಣವಾ, ಕನ್ನಡದಲ್ಲಾ? ನಂಗೆ ಮನೆ ಕನ್ನಡ, ಸುಮಾರಾಗಿ ಬರತ್ತೆ. ನಿಮಗೆ ತಮಿಳು ಚೆನ್ನಾಗಿ ಬರತ್ತೆ ಅಂತ ಮಗಳು ಹೇಳಿದ್ರು.”

“ಕನ್ನಡ,” ಎಂದೆ. ತಮಿಳು ನನಗೆ ತರಕಾರಿ ಮಂಡಿಯವರ ಜೊತೆ ಜಗಳ ಆಡುವಷ್ಟು ಬರುತ್ತದೆ, ಗೆಲ್ಲುವಷ್ಟೂ ಬರುತ್ತದೆ. ಆದರೆ ನನ್ನ ಮನೆಯ ವಿಷಯವನ್ನು ಇನ್ನೊಂದು ಭಾಷೆಯಲ್ಲಿ ಹೇಳಿಕೊಳ್ಳುವ ಗತಿ ನನಗೆ ಬಂದಿಲ್ಲ. ಈ ಒಂದು ಜಂಭ ನನಗೆ ಎರಡು ವಾರಕ್ಕೆ ಸಾಕಾಗುವಷ್ಟು ಕೆಲಸ ಕೊಟ್ಟಿತು.

ಅವರು ಕೇಳಿದರು, ನಾನು ಹೇಳಿದೆ. ಸೌಟು, ಮಲ್ಲಿಗೆ, ಬಸ್ಸು. ನಿದ್ದೆಯಲ್ಲಿ ಬರುವ ಬಿಳಿ. ಅವರು ನಗಲಿಲ್ಲ. ಮಲ್ಲಿಗೆಗೆ ಮಾತ್ರ ಸ್ವಲ್ಪ ನಕ್ಕರು. ಕೊನೆಗೆ ಪೆನ್ನು ಕೆಳಗಿಟ್ಟು ಹೇಳಿದರು:

“ನಿಮಗೆ ಆಗಿರೋದು ಕಾಯಂ. ಮನಸ್ಸಲ್ಲಿ ಆಗಿರೋ ಕಾಯಂ. ಹೊರಗಡೆ ಕಾಣಲ್ಲ, ಅದಕ್ಕೇ ಯಾರೂ ನಂಬಲ್ಲ. ನೀವೂ ನಂಬ್ತಾ ಇಲ್ಲ.”

“ಕಾಯಮ್ಮಾ?” ಎಂದೆ.

“ಆಮಾ, ಕಾಯಂ ತಾನೆ. ಅದನ್ನ ಮೊದಲು ನೀವು ಒಪ್ಪಿಕೋಬೇಕು. ನಾಚಿಕೆ ಪಡೋದಕ್ಕೆ ಏನೂ ಇಲ್ಲ.”

ಆಮೇಲೆ ಅವರು ಕಾಲು ಗಂಟೆ ಮಾತಾಡಿದರು. ಬಾಯಿ ಅಲ್ಲಾಡುವುದು ಕಾಣುತ್ತಿತ್ತು. ನಾನು ಮೇಜಿನ ಮೇಲಿದ್ದ ಟಿಶ್ಯೂ ಪೆಟ್ಟಿಗೆ ನೋಡುತ್ತಿದ್ದೆ. ಹೋಟೆಲಿನಲ್ಲಿ ಕಾಯಂ ಎಂಬುದು ಗೌರವದ ಮಾತು. ಕಾಯಂ ಗಿರಾಕಿ, ಕಾಯಂ ಕೆಲಸ. ಈಗ ನನಗೆ ಇದು ಕಾಯಂ. ನಾನು ಅವರನ್ನು ಮೆಚ್ಚಿಕೊಂಡೆ. ಬೇರೆ ಡಾಕ್ಟರುಗಳು ಆಗುತ್ತದೆ, ನೋಡೋಣ ಎಂದು ಎಳೆಯುತ್ತಾರೆ. ಈ ಹೆಂಗಸು ಮೊದಲ ದಿನವೇ ಮುಖಕ್ಕೆ ಹೇಳಿದರು. ಎದ್ದು ಕೈಮುಗಿದು ಬಂದೆ. ಕೆಳಗೆ ಒಂದು ಕನ್ನಡಕಕ್ಕೆ ಹೇಳಿದೆ.

ಮರುದಿನ ಧಣಿಗಳ ಮುಂದೆ ನಿಂತೆ.

“ಧಣಿ, ಬೈಂದೂರಿನವರನ್ನು ಕಾಯಂ ಮಾಡಿ.”

“ಆಯುಧಪೂಜೆಗೆ ಇನ್ನೂ ಒಂದೂವರೆ ತಿಂಗಳು ಉಂಟಲ್ಲ ಮಾಸ್ಟ್ರೇ?”

“ಬೇಡ. ಡಾಕ್ಟ್ರು ಹೇಳಿದ್ರು, ನನ್ನದು ಕಾಯಂ ಅಂತೆ.”

“ಎಂತದು ಕಾಯಂ?”

“ಮೊಣಕಾಲು,” ಎಂದೆ.

ಧಣಿಗಳು ತುಂಬ ಹೊತ್ತು ನನ್ನ ಕಾಲನ್ನು ನೋಡಿದರು. “ಸರಿ, ಹೇಳ್ತೇನೆ ಅವರಿಗೆ,” ಎಂದರು. ಮಧ್ಯಾಹ್ನ ಸಾಂಬಾರಿನವನು ಹಾಲ್‌ಗೇ ಬಂದು ನಿಂತ. “ಅಣ್ಣ, ಚಂದನ ನೀವು ಹಚ್ಚುವುದಿಲ್ವಂತೆ?” ಎಂದ. ಇಲ್ಲ ಎಂದೆ. “ಆ ಬೈಂದೂರಿನವರು ನನ್ನ ಸಾಂಬಾರಿಗೆ ಬೆಲ್ಲ ಹಾಕಿ ಅಂತಾರೆ ಮಾರಾಯ್ರೆ,” ಎಂದು ಹೇಳಿ ಒಳಗೆ ಹೋದ.

ಮುಂದಿನ ವಾರ ಮಗಳು ಊಟ ಮಾಡುತ್ತಾ ಸೆಷನ್ ಎಪ್ಪೋ, ಯಾವಾಗ ಎಂದು ಕೇಳಿದಳು. ಹೋಗುವುದಿಲ್ಲ ಎಂದೆ.

“ಏನ್?”

“ಹೋಗಿ ಪ್ರಯೋಜನ ಇಲ್ಲ. ಅವರೇ ಹೇಳಿದ್ರು, ಕಾಯಂ ಅಂತ.”

“ಆಮಾಂ, ಕಾಯಂ. ಅದುಕ್ಕು ತಾನೇ ಪೋರೋಂ?” ಹೌದು, ಅದಕ್ಕೇ ತಾನೇ ಹೋಗುವುದು ಎಂದು.

“ಕಾಯಂ ಅಂದ ಮೇಲೆ ಹೋಗಿ ಎಂತ ಮಾಡ್ಲಿಕ್ಕೆ ಉಂಟು?” ಎಂದಳು ಹೆಂಡತಿ. ಅವಳ ದನಿ ಬೇರೆಯಾಗಿತ್ತು. ಮೂರು ತಿಂಗಳು ಅವಳು ತಿಕ್ಕಿದ ತೈಲ ಮೊಣಕಾಲಿಗೆ ಅಲ್ಲವೆಂದು ಅವಳಿಗೆ ಎಂದೋ ಗೊತ್ತಿತ್ತು, ಹೇಳಿರಲಿಲ್ಲ, ಅಷ್ಟೇ.

“ಅಮ್ಮಾ, ಕಾಯಂನಾ ಆರಿಡುಂಮಾ!” ಎಂದಳು ಮಗಳು. ಕಾಯಂ ಎಂದರೆ ವಾಸಿಯಾಗುತ್ತದೆ ಎಂದು. ಕಾಯಂ ಆದದ್ದು ವಾಸಿ ಹೇಗಾಗುತ್ತದೆ ಎಂದು ನಾನು. ಹೀಗೆ ಮೂರು ಜನ ಒಂದು ಮಾತನ್ನು ಮೂರು ಕಡೆ ಎಳೆದೆವು. ಅನ್ನ ಆರಿತು.

ಕೊನೆಗೆ ಮಗಳು ನನ್ನ ಎಡಗೈ ಹಿಡಿದೆಳೆದಳು. ಹೆಬ್ಬೆರಳಿನಲ್ಲಿ ಒಂದು ಹಳೆಯ ಗೀರು ಇದೆ, ಕುಂಬಳಕಾಯಿ ಕೊಯ್ಯುವಾಗ ಈಳಿಗೆ ತಾಗಿದ್ದು. ಅದರ ಮೇಲೆ ಬೆರಳಿಟ್ಟು, “ಇದು ಎನ್ನದು? ತಮಿಳ್ಲ ಸೊಲ್ಲುಂಗ,” ಎಂದಳು. ಏನಿದು, ತಮಿಳಿನಲ್ಲಿ ಹೇಳಿ ಎಂದು.

“ವೆಟ್ಟು ಕಾಯಂ,” ಎಂದೆ.

ಹೇಳಿದ ಮೇಲೆ ನನಗೆ ಕೇಳಿಸಿತು.

ತಮಿಳಿನಲ್ಲಿ ಕಾಯಂ ಎಂದರೆ ಗಾಯ. ಅಡುಗೆಮನೆಯಲ್ಲಿ ದಿನಕ್ಕೆ ಎರಡು ಸಲ ಕೇಳುವ ಮಾತು. ಅದನ್ನು ಡಾಕ್ಟ್ರಮ್ಮ ತಮಿಳಿನಲ್ಲಿ ಹೇಳಿದ್ದರೆ ನಾನು ನಿದ್ದೆಯಲ್ಲೂ ಅರ್ಥ ಮಾಡಿಕೊಳ್ಳುತ್ತಿದ್ದೆ. ಕನ್ನಡದಲ್ಲೇ ಆಗಬೇಕು ಎಂದವನು ನಾನು. ಕನ್ನಡಕ್ಕೆ ಕಿವಿ ತೆರೆದು ಕುಳಿತಿದ್ದೆ, ಕನ್ನಡವೇ ಕೇಳಿಸಿತು. ಹೆಂಡತಿ ನಗಲು ಶುರು ಮಾಡಿದಳು. ಕಣ್ಣು ಒರೆಸಿಕೊಳ್ಳುತ್ತಾ ನಕ್ಕಳು. ಒರೆಸಿಕೊಂಡದ್ದು ನಗುವಿಗೋ ಇನ್ನೊಂದಕ್ಕೋ ನಾನು ಕೇಳಲಿಲ್ಲ.

ಎರಡನೆಯ ಸಲ ಹೋದಾಗ ಡಾಕ್ಟ್ರಮ್ಮನಿಗೆ ಇದನ್ನು ಹೇಳಿದೆ. ಅವರು ಬಾಯಿಗೆ ಕೈ ಇಟ್ಟುಕೊಂಡರು. “ಅಯ್ಯೋ ರಾಮಾ. ನಮ್ಮ ಮನೇಲಿ ಅಜ್ಜಿ ಕಾಲದಿಂದ ಕಾಯಂ ಅಂತಾನೇ ಹೇಳೋದು. ನಾನು ಅದು ಕನ್ನಡ ಅಂತ ಅಂದ್ಕೊಂಡಿದ್ದೆ.” ಅವರಿಗೆ ನನಗಿಂತ ಹೆಚ್ಚು ಬೇಸರವಾದಂತೆ ಕಂಡಿತು. ಆ ದಿನ ಕಾಲು ಗಂಟೆ ನಾನೇ ಅವರಿಗೆ ಸಮಾಧಾನ ಹೇಳಿದೆ. ಇನ್ನು ಮೇಲೆ ಗಾಯ ಎನ್ನೋಣ ಎಂದು ತೀರ್ಮಾನವಾಯಿತು.

“ಗಾಯ ಆಗಲಿಕ್ಕೆ ನನಗೆ ಎಂತ ಆಗಿದೆ?” ಎಂದೆ. “ಬೆಂದದ್ದು ಅವನು.”

“ಅವರಿಗೆ ಚರ್ಮ ಬೆಂತು. ನಿಮ್ಮ ಉಡಂಬು, ಅಂದ್ರೆ ದೇಹ, ಆ ದಿನ ನೀವು ಸಾಯ್ತೀರಿ ಅಂತ ಅಂದ್ಕೊಂಡ್ತು. ಇನ್ನೂ ಹಾಗೇ ಅಂದ್ಕೊಂಡಿದೆ. ಮುಗೀತು ಅಂತ ಅದಕ್ಕೆ ಯಾರೂ ಹೇಳಿಲ್ಲ. ಅದಕ್ಕೇ ಉಸ್ ಅಂದ್ರೆ ಅದು ನಿಮ್ಮನ್ನ ಕೇಳದೇನೇ ಓಡತ್ತೆ.”

ಇದು ನನಗೆ ಹಿಡಿಸಿತು. ನಾನು ಹೆದರಿ ಓಡಿದ್ದಲ್ಲ. ನನ್ನ ಕಾಲುಗಳು ನನ್ನನ್ನು ಕೇಳದೆ ಓಡಿದವು. ಮೊಣಕಾಲಿನ ತಪ್ಪು ಎಂದು ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ ಎಂದೂ ಅನ್ನಿಸಿತು. ಇದನ್ನು ಅವರಿಗೆ ಹೇಳಿದೆ. ಬರೆದುಕೊಂಡರು.

ಸದ್ದಿನ ಅಭ್ಯಾಸ ಶುರುವಾಯಿತು. ಮಗಳು ಪಕ್ಕದ ಮನೆಯ ಕುಕ್ಕರಿನ ಸದ್ದನ್ನು ಫೋನಿನಲ್ಲಿ ಹಿಡಿದುಕೊಟ್ಟಳು. ಅದನ್ನು ಸಣ್ಣದಾಗಿ ಹಾಕಿ, ಕಾಲು ನೆಲಕ್ಕೆ ಊರಿ, ಉಸಿರು ಉದ್ದಕ್ಕೆ ಬಿಟ್ಟು, ಕಣ್ಣಿಗೆ ಕಾಣುವ ಐದು ವಸ್ತು ಹೇಳಬೇಕು. ಫ್ಯಾನು, ಕಿಟಕಿ, ಕ್ಯಾಲೆಂಡರು, ಹೆಂಡತಿ, ನನ್ನನ್ನು ನೋಡಿ ನಗುತ್ತಿರುವ ಹೆಂಡತಿ. ಒಂದು ವಾರ ಬಿಟ್ಟು ಸದ್ದು ಸ್ವಲ್ಪ ದೊಡ್ಡದು. ಎರಡು ವಾರ ಬಿಟ್ಟು ಅಟ್ಟದಿಂದ ಕುಕ್ಕರ್ ಇಳಿಯಿತು. ಮೊದಲ ಸೀಟಿಗೆ ನಾನು ಬಾಲ್ಕನಿಗೆ ಹೋದೆ. ಎರಡನೆಯದಕ್ಕೂ ಹೋದೆ. ಮೂರನೆಯ ಸೀಟಿಗೆ ಬೆವರುತ್ತಾ ನಿಂತೇ ಇದ್ದೆ. ಹೆಂಡತಿ, “ಅನ್ನ ಮುದ್ದೆ ಆಯ್ತು, ಇನ್ನೂ ಒಂದು ಹಾಕ್ಲಾ?” ಎಂದು ಕೇಳಿದಳು.

ಇಷ್ಟಾದ ಮೇಲೆ ಧಣಿಗಳ ಹತ್ತಿರ ಹೋಗಲೇಬೇಕಾಯಿತು. ಬಾಯ್ಲರಿನ ಮುಂದೆ ನಿಲ್ಲುವುದಕ್ಕಿಂತ ಅದು ಕಷ್ಟ. ಆಡಿದ ಮಾತನ್ನು ನಾನು ಹಿಂದೆ ತೆಗೆದುಕೊಂಡವನಲ್ಲ.

“ಧಣಿ, ಅವತ್ತು ಹೇಳಿದ ಕಾಯಂ ತಮಿಳು ಕಾಯಂ,” ಎಂದೆ.

“ಎಂತ?”

“ಕನ್ನಡ ಕಾಯಂ ಅಲ್ಲ. ಮತ್ತೆ, ಅದು ಮೊಣಕಾಲೂ ಅಲ್ಲ.” ಉಳಿದದ್ದನ್ನೂ ನಿಂತುಕೊಂಡೇ ಹೇಳಿದೆ. ಹೂವಿನವಳ ವಿಷಯ ಬಿಟ್ಟೆ.

ಧಣಿಗಳು ನಗುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ಬಾಗಿಲು ಹಾಕಿದರು. “ಮಾಸ್ಟ್ರೇ, ಜೂನಿನಿಂದ ನಾನು ಅಡುಗೆಮನೆಯ ಒಳಗೆ ಬಂದದ್ದನ್ನು ನೀವು ಕಂಡಿದ್ದೀರಾ?” ಎಂದು ಕೇಳಿದರು. ಯೋಚಿಸಿದೆ. ಕಂಡಿರಲಿಲ್ಲ. ಬಾಗಿಲಲ್ಲಿ ಕೆಮ್ಮುವುದು ಕೇಳಿದ್ದೆ, ಅಷ್ಟೇ. ಅವರು ಕೆಮ್ಮಿ ವಾಪಸ್ಸು ಹೋಗುತ್ತಿದ್ದರು.

ಬೈಂದೂರಿನವರಿಗೆ ಮಾತು ಕೊಟ್ಟಾಗಿತ್ತು. ಪಲ್ಲಾವರಂನಲ್ಲಿ ಧಣಿಗಳ ತಮ್ಮ ಹೊಸ ಹೋಟೆಲು ತೆರೆಯುವವರಿದ್ದರು, ಅಲ್ಲಿಗೂ ಮಾಸ್ಟರ್ ಬೇಕಿತ್ತು. ಇಬ್ಬರಲ್ಲಿ ಒಬ್ಬರು ಅಲ್ಲಿಗೆ ಹೋಗಬೇಕು ಎಂದಾಯಿತು. ಯಾರು ಎಂಬುದು ಆಯುಧಪೂಜೆಗೆ ತೀರ್ಮಾನ. ಬೈಂದೂರಿನವರು, “ಚಂದನ ಹಚ್ಚಿದ್ರೆ ಸಾಲದು. ಮರುದಿನ ಬೆಳಿಗ್ಗೆ ಬಾಯ್ಲರ್ ಹಚ್ಚಿ ಮೊದಲ ಪೆಟ್ಟಿಗೆ ಇಡ್ಲಿ ಇಳಿಸಿ ಕಾಣುವ. ಇಳಿಸಿದ್ರೆ ನಾನು ಪಲ್ಲಾವರಂ,” ಎಂದರು. ಅವರದೂ ನ್ಯಾಯದ ಮಾತೇ.

ಅಲ್ಲಿಂದ ನಾನು ಬಿಳಿ ಅಂಗಿಯಲ್ಲೇ ಅಡುಗೆಮನೆಗೆ ಹೋಗತೊಡಗಿದೆ. ಬಾಗಿಲಿನಿಂದ ಬಾಯ್ಲರಿಗೆ ನೆಲದಲ್ಲಿ ಹದಿನಾಲ್ಕು ಟೈಲ್ಸ್. ಡಾಕ್ಟ್ರಮ್ಮನ ಲೆಕ್ಕದಲ್ಲಿ ದಿನಕ್ಕೆ ಒಂದು. ಎದೆ ಬಡಿತ ಇಳಿಯುವವರೆಗೆ ಆ ಟೈಲ್ಸಿನ ಮೇಲೆ ನಿಲ್ಲಬೇಕು, ಓಡಬಾರದು. ಬೈಂದೂರಿನವರು ಮೂರು ದಿನ ನೋಡಿ, “ಎಂತ ಮಾರಾಯ್ರೆ, ವಾಸ್ತು ಕಾಣ್ತಾ ಇದ್ದೀರಾ?” ಎಂದು ಕೇಳಿದರು. ಹೌದು ಎಂದೆ. ಒಂಬತ್ತನೆಯ ಟೈಲ್ಸಿನವರೆಗೆ ಹೋದೆ. ಹತ್ತನೆಯದಕ್ಕೆ ಕಾಲು ಏಳಲಿಲ್ಲ. ನಾಲ್ಕು ದಿನ ಒಂಬತ್ತರಲ್ಲೇ ನಿಂತೆ.

ಡಾಕ್ಟ್ರಮ್ಮ, “ಹತ್ತನೆಯದರಲ್ಲಿ ಏನಿದೆ?” ಎಂದು ಕೇಳಿದರು.

ಅಲ್ಲಿ ಏನೂ ಇಲ್ಲ. ಆ ದಿನ ನಾನು ನಿಂತಿದ್ದ ಜಾಗ ಅದು, ಅಷ್ಟೇ. ಅಲ್ಲಿ ನಿಂತು ಚಟ್ನಿಯ ಉಪ್ಪು ನೋಡುತ್ತಾ ನಾನು ಸಾಂಬಾರಿನವನಿಗೆ ಒಂದು ಮಾತು ಹೇಳಿದ್ದೆ. ವಾಲ್ವ್‌ನ ಸದ್ದು ಬೇರೆಯಾಗಿದೆ ಎಂದು ನನ್ನ ಕಿವಿಗೆ ಗೊತ್ತಾಗಿತ್ತು. ಸದ್ದು ನೋಡುವುದು ಮಾಸ್ಟರ್ ಕೆಲಸ. ನನ್ನ ಕೈಯಲ್ಲಿ ಚಟ್ನಿ ಇತ್ತು. “ಆ ವಾಲ್ವ್ ಒಂದು ಸಲ ಕಾಣು ಮಾರಾಯ,” ಎಂದೆ. ಅವನು ಹೋದ.

ಇದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಡಾಕ್ಟ್ರಮ್ಮ ಪೂರ್ತಿ ಕೇಳಿಸಿಕೊಂಡರು. ಆಮೇಲೆ, “ಅವರು ನಿಮಗೆ ಹೇಳಿ, ನೀವು ಹೋಗಿ, ನೀವು ಸುಟ್ಟುಕೊಂಡಿದ್ರೆ, ಅವರ ತಪ್ಪು ಅಂತಿದ್ರಾ?” ಎಂದರು.

“ಇಲ್ಲ,” ಎಂದೆ. “ಆದರೆ ಅವನು ಮಾಸ್ಟರ್ ಅಲ್ಲ.”

ಟಿಶ್ಯೂ ಪೆಟ್ಟಿಗೆಯನ್ನು ನನ್ನ ಕಡೆಗೆ ತಳ್ಳಿದರು. ನಾನು ಅದನ್ನು ಬಳಸಿದೆ. ಹೊಸ ಕನ್ನಡಕ ಒರೆಸಲು ಎಂದು ಹೇಳಿದೆ.

ಹೇಳಬೇಕಾದದ್ದು ಯಾರಿಗೆ ಎಂದು ಅವರು ನನಗೆ ಹೇಳಿಕೊಡಲಿಲ್ಲ. ಅಷ್ಟು ನನಗೂ ಗೊತ್ತಿತ್ತು. ಆಯುಧಪೂಜೆಯ ಹಿಂದಿನ ದಿನ ಪಾತ್ರೆಗಳನ್ನೆಲ್ಲ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಮಧ್ಯಾಹ್ನ ಹಿತ್ತಿಲಲ್ಲಿ ಸಾಂಬಾರಿನವನೂ ನಾನೂ ಒಂದೇ ಕೊಪ್ಪರಿಗೆಯ ಎರಡು ಬದಿ ಹಿಡಿದು ಕುಳಿತಿದ್ದೆವು. ತಿಕ್ಕುವಾಗ ಅವನ ಗುಲಾಬಿ ಕೈ ನನ್ನ ಮುಂದೆಯೇ ಬಂದು ಹೋಗುತ್ತಿತ್ತು.

“ಅವತ್ತು ನಿನ್ನನ್ನು ಅಲ್ಲಿಗೆ ಕಳಿಸಿದ್ದು ನಾನು,” ಎಂದೆ.

“ಎಲ್ಲಿಗೆ?”

“ವಾಲ್ವ್ ಕಾಣು ಅಂದೆ.”

ಅವನು ತಿಕ್ಕುವುದನ್ನು ನಿಲ್ಲಿಸಲಿಲ್ಲ. “ನೀವು ಎಂತ ಹೇಳಿದ್ರೂ ಆ ಎಕ್ಸಾಸ್ಟ್ ಫ್ಯಾನಿನ ಗಲಾಟೆಯಲ್ಲಿ ಯಾರಿಗೆ ಕೇಳ್ತದೆ ಅಣ್ಣ? ನಾನು ಹೋದದ್ದು ಕರಿಬೇವು ತರ್ಲಿಕ್ಕೆ.”

“ಕರಿಬೇವಿಗಾ?”

“ಮತ್ತೆಂತ? ಸಾಂಬಾರಿಗೆ ಕರಿಬೇವು ಬೇಡ್ವಾ? ಅದಕ್ಕಾ ನೀವು ಎರಡು ತಿಂಗಳು ನನ್ನ ಮುಖ ಕಾಣದೆ ಮೇಜು ಒರೆಸಿದ್ದು? ನಾನು ಅಂದ್ಕೊಂಡದ್ದು, ಸೂಪರ್‌ವೈಸರ್ ಆದದ್ದಕ್ಕೆ ಜಂಭ ಬಂದಿದೆ ಅಂತ. ಆ ಕಡೆ ಸರಿಯಾಗಿ ತಿಕ್ಕಿ, ಕಪ್ಪು ಹಾಗೇ ಉಂಟು.”

ನಾನು ತಿಕ್ಕಿದೆ. ನಮ್ಮ ಅಡುಗೆಮನೆಯಲ್ಲಿ ಕರಿಬೇವಿನ ಬುಟ್ಟಿ ಇರುವುದು ಬಾಗಿಲ ಪಕ್ಕದಲ್ಲಿ, ಬಾಯ್ಲರಿಗೆ ಪೂರ್ತಿ ಎದುರು ದಿಕ್ಕಿಗೆ. ಬುಟ್ಟಿಯನ್ನು ಅಲ್ಲಿ ಇಟ್ಟವನು ನಾನೇ, ಹತ್ತೊಂಬತ್ತು ವರ್ಷದಿಂದ ಅದು ಅಲ್ಲೇ ಇದೆ. ಅವನಿಗೂ ಗೊತ್ತು, ನನಗೂ ಗೊತ್ತು. ಕೊಪ್ಪರಿಗೆ ಬೆಳ್ಳಗಾಯಿತು.

ಮರುದಿನ ಚಂದನ ನಾನು ಹಚ್ಚಿದೆ. ಆ ದಿನ ಒಲೆ ಹಚ್ಚುವುದಿಲ್ಲ. ಆರಿದ ಬಾಯ್ಲರಿಗೆ ಯಾರು ಬೇಕಾದರೂ ಚಂದನ ಹಚ್ಚಬಹುದು, ಅದರಲ್ಲಿ ದೊಡ್ಡಸ್ತಿಕೆ ಏನೂ ಇಲ್ಲ. ಆದರೂ ಹತ್ತನೆಯ ಟೈಲ್ಸನ್ನು ದಾಟಿದ್ದೆ. ಧಣಿಗಳು ಬಾಗಿಲಲ್ಲಿ ಕೆಮ್ಮಿ ಈ ಸಲ ಒಳಗೆ ಬಂದರು, ಐದು ಟೈಲ್ಸಿನವರೆಗೆ.

ವಿಜಯದಶಮಿಯ ಬೆಳಿಗ್ಗೆ ಬಾಯ್ಲರ್ ಹಚ್ಚಿದೆ. ಬೈಂದೂರಿನವರು ಕೈಕಟ್ಟಿ ಗೋಡೆಗೆ ಒರಗಿದ್ದರು. ನೀರು ಕಾಯಿತು. ಉಸ್ ಎಂದಿತು. ಬೆನ್ನಿನ ಬೆವರು ಪಂಚೆಯವರೆಗೆ ಇಳಿಯಿತು, ಮೊಣಕಾಲು ನಡುಗಿದವು. ಅಷ್ಟು ತೈಲ ಕುಡಿದ ಮೊಣಕಾಲುಗಳು. ಕಾಲು ಊರಿದೆ, ಉಸಿರು ಬಿಟ್ಟೆ, ಐದು ವಸ್ತು ಹುಡುಕಿದೆ. ಪೆಟ್ಟಿಗೆ, ಬಟ್ಟೆ, ಹಿಟ್ಟಿನ ಪಾತ್ರೆ, ಬೈಂದೂರಿನವರು. ಐದನೆಯದು ಸಿಗಲಿಲ್ಲ. ಬಿಳಿ ಆವಿ ಮುಖಕ್ಕೆ ಬಂತು, ಒಂದು ಕಾಲು ಬಾಗಿಲ ಕಡೆಗೆ ತಿರುಗಿಯೇ ಬಿಟ್ಟಿತು.

ಆಗ ಸಾಂಬಾರಿನವನು ತನ್ನ ಒಲೆ ಬಿಟ್ಟು, ನನ್ನ ಪಕ್ಕದಿಂದಲೇ ದಾಟಿ, ಬಾಯ್ಲರಿನ ಹತ್ತಿರ ಹೋಗಿ ನಿಂತುಕೊಂಡ.

“ಎಂತಕ್ಕೆ ಬಂದೆ?” ಎಂದೆ.

“ಕರಿಬೇವಿಗೆ,” ಎಂದ.

ಕರಿಬೇವು ಆ ಕಡೆ ಇಲ್ಲ ಎಂದು ನಾನು ಹೇಳಲಿಲ್ಲ. ಪೆಟ್ಟಿಗೆಯ ಬಾಗಿಲು ತೆರೆದು ಇಡ್ಲಿ ಇಳಿಸಿದೆ.